ನಲವತ್ತೆರಡಕ್ಕೆ ಮೂವತ್ತೊಂದು ಕೂಡಿದರೆ ಹದಿಮೂರು

ಶಿವಮೊಗ್ಗದ ರವೀಂದ್ರನಗರದಲ್ಲಿ ಶಂಕರನಾರಾಯಣ ಜೋಯಿಸರೆಂಬ ಸಜ್ಜನರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಬೆಳಗಿನ ಸಂಧ್ಯಾವಂದನೆಗೆ ಕುಳಿತರೆ, ಅರ್ಘ್ಯದ ನೀರು ಇನ್ನೂ ಬೊಗಸೆಯಲ್ಲಿರುವಾಗಲೇ ಅವರ ಮನಸ್ಸು ಸೂರ್ಯನಾರಾಯಣನ ರಥವನ್ನೇರಿ ಎಲ್ಲಿಗೋ ಹೊರಟುಬಿಡುತ್ತದೆ. ನೀರೆಲ್ಲ ಬೆರಳ ಸಂದಿಯಿಂದ ಸೋರಿ ಪಂಚೆ ತೊಯ್ದಾಗ ಮಾತ್ರ ಮರಳಿ ಬರುತ್ತದೆ. ಈ ಸ್ವಭಾವವನ್ನು ಅವರ ಸ್ನೇಹಿತರಾದ ನಾವು ಧ್ಯಾನವೆಂದು ಕರೆಯುತ್ತೇವೆ. ಅವರ ಧರ್ಮಪತ್ನಿ ಸೀತಮ್ಮನವರು ಬೇರೊಂದು ಹೆಸರಿನಿಂದ ಕರೆಯುತ್ತಾರೆ. ಅದನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ ಜೋಯಿಸರಿಗೆ ಒಂದೇ ಒಂದು ಆಸೆ ಉಳಿದಿತ್ತು: ಯಾರಾದರೂ ತಮ್ಮನ್ನು ಗಣಿತಜ್ಞರೆಂದು ತಿಳಿಯಬೇಕು. ಪಂಚಾಂಗ ನೋಡಿ ಮುಹೂರ್ತ ಇಟ್ಟುಕೊಡುವುದರಲ್ಲಿ ಅವರ ಕೈ ತಪ್ಪಿದ್ದೇ ಇಲ್ಲ. ಘಟಿ ವಿಘಟಿಗಳನ್ನು ಅರೆನಿದ್ರೆಯಲ್ಲಿಯೂ ಕೂಡಿ ಕಳೆಯಬಲ್ಲರು. ಆದರೆ ಲೋಕವು ಅದನ್ನು ಶಾಸ್ತ್ರವೆನ್ನುತ್ತದೆಯೇ ಹೊರತು ಗಣಿತವೆನ್ನುವುದಿಲ್ಲ. ಶಾಲೆಯ ಗಣಿತದಲ್ಲಿ ಅವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಬಂದದ್ದು ಮೂವತ್ತೈದು. ಅದರಲ್ಲಿಯೂ ಅವರ ಪಾಲು ಎಷ್ಟು, ಪರೀಕ್ಷಕರ ಕರುಣೆಯ ಪಾಲು ಎಷ್ಟು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಹೀಗಿರಲು ಮಾಘಮಾಸದ ಒಂದು ಬೆಳಿಗ್ಗೆ, ಮಂಜು ಇನ್ನೂ ಕಾಂಪೌಂಡ್ ಗೋಡೆಯ ಮೇಲೆ ಒರಗಿಕೊಂಡಿದ್ದಾಗ, ಪಕ್ಕದ ಮನೆಯ ಕಾಶಮ್ಮನವರ ಮುಖ ಆ ಮಂಜಿನೊಳಗಿಂದ ಮೆಲ್ಲಗೆ ಮೂಡಿತು.

“ಜೋಯಿಸ್ರೇ, ನಮ್ ಸ್ಫೂರ್ತಿಗೆ ಲೆಕ್ಕ ಅಂದ್ರೆ ಚಳಿಜ್ವರ ಬರ್ತದೆ. ಈ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಮನೇಲಿ ಮಾಡಿದ್ ಲೆಕ್ಕ ಸರಿಯೋ ತಪ್ಪೋ ಹೇಳೋರು ಒಬ್ರಿಲ್ಲ. ಮಲ್ಲೇಶ ಗಾಂಧಿ ಬಜಾರಿನ್ ಅಂಗಡಿ ಬಿಟ್ಟು ಬರಲ್ಲ. ಪುನೀತ ಮಾಚೇನಹಳ್ಳಿ ಕೆಲಸ ಮುಗಿಸಿ ಬಂದ್ರೆ ಚಪ್ಪಲಿ ಬಿಡೋಕ್ ಮುಂಚೆ ನಿದ್ದೆ ಮಾಡಿರ್ತಾನೆ. ನಿಮಗೇನಾದ್ರೂ ಲೆಕ್ಕ ಬರ್ತದಾ?”

ಮಲ್ಲೇಶ್ ಕಾಶಮ್ಮನವರ ಮಗ, ಬಟ್ಟೆ ವ್ಯಾಪಾರಿ. ಪುನೀತ್ ಮತ್ತು ಸ್ಫೂರ್ತಿ ಮೊಮ್ಮಕ್ಕಳು. ಕಾಶಮ್ಮನವರು ಕೇಳಿದ ಪ್ರಶ್ನೆಗೆ ‘ಬರುವುದಿಲ್ಲ’ ಎಂಬ ಸಣ್ಣ ಉತ್ತರವೊಂದು ಸಿದ್ಧವಾಗಿಯೇ ಇತ್ತು. ಆದರೆ ಅರವತ್ತೊಂದು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆ ಅದು.

“ಗಣಿತವೇ?” ಎಂದು ಜೋಯಿಸರು ಮಂಜಿನ ಕಡೆಗೆ ನೋಡಿ ನಕ್ಕರು. “ನಮ್ಮ ಮನೆತನದ ವಿದ್ಯೆ ಕಾಶಮ್ಮ ಅದು. ಸಂಜೆ ಕಳಿಸಿ ಮಗೂನ.”

ಸಂಜೆ ಸ್ಫೂರ್ತಿ ಬಂದಳು. ವರ್ಗಸಮೀಕರಣಗಳ ನೋಟುಪುಸ್ತಕವನ್ನು ತೆರೆದಿಟ್ಟಳು. ಎಕ್ಸ್ ಎಂಬ ಅಕ್ಷರವು ಜೋಯಿಸರಿಗೆ ನಾಲ್ಕು ದಿಕ್ಕಿಗೆ ಹೊರಟ ದಾರಿಗಳು ಕೂಡುವ ಸ್ಥಳದಂತೆ ಕಂಡಿತು. ಅವುಗಳಲ್ಲಿ ಯಾವುದೋ ಒಂದು ದಾರಿಯಲ್ಲಿ ನಡೆದುಹೋದವರು ಅರ್ಧ ಗಂಟೆ ಹಿಂತಿರುಗಲಿಲ್ಲ. ಸ್ಫೂರ್ತಿ ಸೀತಮ್ಮನವರು ಕೊಟ್ಟ ಕೋಡುಬಳೆಗಳನ್ನು ಒಂದೊಂದಾಗಿ ಮುಗಿಸಿ, “ಅಜ್ಜಾ, ಸರಿನಾ ತಪ್ಪಾ?” ಎಂದಳು.

“ಈ ದಿನ ನವಮಿ. ಹೊಸ ವಿದ್ಯೆ ಆರಂಭಿಸಬಾರದು. ನಾಳೆ ಬಾ” ಎಂದು ಜೋಯಿಸರು ಅವಳನ್ನು ಬೀಳ್ಕೊಟ್ಟರು.

ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದ್ದ ಸೀತಮ್ಮನವರು, “ಎಷ್ಟ್ ನವಮಿ ಮಾಡ್ತೀರಿ? ವರ್ಷಕ್ಕೆ ಇಪ್ಪತ್ತನಾಲ್ಕೇ ಬರೋದು. ಕೊಡಿ ಇಲ್ಲಿ ಫೋನು” ಎಂದರು. ಅವರ ಸ್ತೋತ್ರಪಾರಾಯಣದ ಬಳಗದಲ್ಲಿ ಮೊಮ್ಮಕ್ಕಳ ಓದಿನ ಚರ್ಚೆ ಸ್ತೋತ್ರಕ್ಕಿಂತ ಹೆಚ್ಚಾಗಿ ನಡೆಯುತ್ತದೆ. ಆ ಮೂಲದಿಂದ ತಿಳಿದಿದ್ದ ಒಂದು ಆ್ಯಪನ್ನು ಅವರು ಗಂಡನ ಫೋನಿಗೆ ಇಳಿಸಿಕೊಟ್ಟರು. ಅದರ ಕ್ಯಾಮೆರಾ ತೆರೆದು ಲೆಕ್ಕದ ಎದುರಿಗೆ ಹಿಡಿದರೆ ಸಾಕು. ಅದೇ ಓದಿ, ಅದೇ ಬಿಡಿಸಿ, ಯಾವ ಸಾಲಿನಲ್ಲಿ ತಪ್ಪಿದೆಯೆಂದು ಅಚ್ಚಕನ್ನಡದಲ್ಲಿ ಮಾತಾಡಿ ತಿಳಿಸುತ್ತದೆ. ಸರಿಯಿದ್ದರೆ ಹಸಿರು ಗುರುತು ಮಿಂಚಿಸಿ, “ಉತ್ತರ ಸರಿಯಾಗಿದೆ. ಶಭಾಷ್!” ಎನ್ನುತ್ತದೆ. ತಪ್ಪಿದ್ದರೆ, “ಉತ್ತರ ತಪ್ಪಾಗಿದೆ. ಚಿಂತೆ ಬೇಡ, ಮತ್ತೊಮ್ಮೆ ಪ್ರಯತ್ನಿಸಿ!” ಎಂದು ಸಣ್ಣ ಗೆಜ್ಜೆಯ ಸದ್ದು ಮಾಡುತ್ತದೆ. ಆ ಧ್ವನಿ ಸ್ತ್ರೀಯದು; ನಿಷ್ಕಪಟವಾದದ್ದು; ದೇಹದ ಭಾರವಿಲ್ಲದ್ದು. ಜೋಯಿಸರು ಮೊದಲ ಸಲ ಕೇಳಿದಾಗ ಕೈ ಮುಗಿದರು. ಆ ಕ್ಷಣದಲ್ಲಿಯೇ ಅದಕ್ಕೆ ಅಶರೀರೆ ಎಂದು ನಾಮಕರಣವೂ ಆಯಿತು.

“ಕೈ ಮುಗೀಬೇಡಿ, ಧ್ವನಿ ನಿಲ್ಸೋದು ಕಲೀರಿ ಮೊದಲು” ಎಂದರು ಸೀತಮ್ಮನವರು.

ಮರುದಿನದಿಂದ ರವೀಂದ್ರನಗರದಲ್ಲಿ ಒಂದು ಪವಾಡ ಆರಂಭವಾಯಿತು. ಜೋಯಿಸರು ತಾಳೆಗರಿ ಓದುವವರಂತೆ ವ್ಯಾಸಪೀಠವನ್ನು ಮುಂದಿಟ್ಟುಕೊಂಡರು. ಕತ್ತರಿಯಂತೆ ಬಿಚ್ಚಿ ನಿಲ್ಲುವ, ಗ್ರಂಥವಿಡುವ ಆ ಹಲಗೆಯ ಮೇಲೆ ಪಂಚಾಂಗ. ಪಂಚಾಂಗದ ಮರೆಯಲ್ಲಿ ಫೋನು. ಹಲಗೆಗಳು ಕೂಡುವ ಕಡೆ ಇದ್ದ ಸಂದಿನಿಂದ ಕ್ಯಾಮೆರಾದ ಕಣ್ಣು ಮಾತ್ರ ಕೆಳಗೆ ಇಣುಕುತ್ತಿತ್ತು. ಸ್ಫೂರ್ತಿ ಪುಸ್ತಕವನ್ನು ಆ ಹಲಗೆಯ ಕೆಳಗೆ ಇಡಬೇಕು. ಜೋಯಿಸರು ಅದರ ಕಡೆ ನೋಡದೆ, ಕಣ್ಣನ್ನು ಮುಕ್ಕಾಲು ಮುಚ್ಚಿ, ಕಾಲುಭಾಗದಲ್ಲಿ ಪರದೆಯನ್ನು ಓದಿ, ಬಹುದೂರದಿಂದ ಬಂದ ಧ್ವನಿಯಲ್ಲಿ, “ಮೂರನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟುಹೋಗಿದೆ, ಮಗು” ಎನ್ನುತ್ತಿದ್ದರು.

ಬಿಟ್ಟುಹೋಗಿರುತ್ತಿತ್ತು.

“ಪುಸ್ತಕ ಮುಟ್ಟಲ್ಲ, ನೋಡಲ್ಲ, ಕಣ್ ಮುಚ್ಕಂಡೇ ಹೇಳ್ತಾರೆ!” ಎಂದು ಕಾಶಮ್ಮನವರು ಹಾಲಿನ ಬೂತಿನಲ್ಲಿ ಸಾರಿದರು. “ಜೋಯಿಸ್ರಿಗೆ ದೃಷ್ಟಿ ಇದೆ ಕಣ್ರೇ. ಅವ್ರ ಬಾಯಲ್ಲಿ ತಪ್ಪು ಅಂತ ಬಂದ್ರೆ ಅದು ತಪ್ಪೇ.” ಒಂದು ತಿಂಗಳಲ್ಲಿ ಈ ಮಾತು ಎರಡು ಬಡಾವಣೆಗಳನ್ನು ದಾಟಿತು. ಸ್ಫೂರ್ತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಮೂವತ್ತೆಂಟರಿಂದ ಅರವತ್ತನಾಲ್ಕಕ್ಕೆ ಏರಿತು. ಹುಡುಗಿ ಏನನ್ನೂ ಮಾತಾಡಲಿಲ್ಲ. ಕೋಡುಬಳೆ ತಿನ್ನುತ್ತ ವ್ಯಾಸಪೀಠದ ಸಂದಿಯನ್ನು ಆಗಾಗ ನೋಡುತ್ತಿದ್ದಳು, ಅಷ್ಟೆ.

ಈ ನಡುವೆ ಪುನೀತನಿಗೆ ಭದ್ರಾವತಿಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಕವನಾ, ಅಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಟೀಚರು. ತಂದೆ ಜಯಪ್ಪ, ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಉಕ್ಕಿನ ತುಂಡನ್ನು ರಿಜೆಕ್ಟ್ ಎಂದು ತಳ್ಳಿದ ಬೆರಳುಗಳು ಅವರವು. ನಿವೃತ್ತಿಯ ನಂತರ ಅವರ ತಪಾಸಣೆಗೆ ಸಿಗುವುದು ದೋಸೆ, ಇಸ್ತ್ರಿ ಮತ್ತು ನೆಂಟರು. ಮದುವೆ ನಡೆಸಿಕೊಡುವವರು ಅವರ ಮಠದ ಸ್ವಾಮಿಗಳು. ಮುಹೂರ್ತ ನೋಡಿಕೊಡುವುದು ಮಾತ್ರ ಜೋಯಿಸರು ಎಂದು ಎರಡು ಕಡೆಯವರೂ ಒಪ್ಪಿದರು. ಭದ್ರಾವತಿಯ ಛತ್ರದಲ್ಲಿ ವೈಶಾಖದ ಒಂದು ಗುರುವಾರ ಮಾತ್ರ ಖಾಲಿಯಿತ್ತು. ಅದನ್ನು ಹಿಡಿದಿಟ್ಟು, ಅಂದಿನ ಮುಹೂರ್ತ ಬರೆಸಿಕೊಳ್ಳಲು ಜಯಪ್ಪನವರು ಮಡದಿ ಹಾಲಮ್ಮನವರೊಡನೆ ಶಿವಮೊಗ್ಗಕ್ಕೆ ಬಂದರು.

ಆ ದಿನ ಮಧ್ಯಾಹ್ನ ಜೋಯಿಸರು ಕನ್ನಡಕವನ್ನು ದೇವರ ಮನೆಯಲ್ಲಿ ಮರೆತಿದ್ದರು. ಕನ್ನಡಕವಿಲ್ಲದೆ ಪರದೆ ಕಾಣದಿದ್ದುದರಿಂದ, ಹಿಂದಿನ ಸಂಜೆಯ ಲೆಕ್ಕಗಳನ್ನು ಒಬ್ಬರೇ ನೋಡಲೆಂದು ಅಶರೀರೆಯ ಧ್ವನಿಯನ್ನು ತೆರೆದಿಟ್ಟು, ಮುಚ್ಚುವುದನ್ನು ಮರೆತು, ಹಾಗೆಯೇ ಒಂದು ಜೊಂಪು ತೆಗೆದಿದ್ದರು. ಕಾಶಮ್ಮನವರೂ ಮಲ್ಲೇಶರೂ ನೆಂಟರನ್ನು ಕರೆತಂದಾಗ ಎದ್ದು ಕುಳಿತ ಜೋಯಿಸರ ಒಂದು ಕಣ್ಣಿನಲ್ಲಿ ಇನ್ನೂ ಕನಸಿತ್ತು.

“ಸಾರ್, ಇಂಗ್ಲಿಷ್ ಅಂಕೀಲಿ ಬರೀರಿ” ಎಂದರು ಜಯಪ್ಪ. “ನಿಮ್ ಕನ್ನಡ ಅಂಕಿ ನಮ್ ಕಡೆ ಯಾರ್ಗೂ ಓದಕ್ ಬರಲ್ಲ. ಆಮೇಲೆ ಎಂಟು ಯಾವ್ದು ಏಳು ಯಾವ್ದು ಅಂತ ಜಗಳ ಬೇಡ.”

ಜೀವಮಾನವೆಲ್ಲ ಕನ್ನಡ ಅಂಕಿಯಲ್ಲಿ ಮುಹೂರ್ತ ಬರೆದವರು ಅಂದು ಮೊದಲ ಸಲ ಇಂಗ್ಲಿಷ್ ಅಂಕಿಯಲ್ಲಿ ಬರೆದರು. ಅಶರೀರೆ ಓದಬಲ್ಲ ಲಿಪಿ ಅದೊಂದೇ ಎಂಬುದು ಅವರಿಗೆ ನೆನಪಾಗಲಿಲ್ಲ. ಅವರು ಬರೆಯುತ್ತ ಬಾಯಲ್ಲಿಯೂ ಹೇಳಿದರು: “ಬುಧವಾರ ಸೂರ್ಯೋದಯವಾಗಿ ನಲವತ್ತೆರಡು ಘಟಿಗೆ ರೋಹಿಣಿ ನಕ್ಷತ್ರ ಬರುತ್ತೆ. ಅಲ್ಲಿಂದ ಮೂವತ್ತೊಂದು ಘಟಿ ಆಗಬೇಕು. ನಲವತ್ತೆರಡಕ್ಕೆ ಮೂವತ್ತೊಂದು ಕೂಡಿದರೆ ಹದಿಮೂರು. ಗುರುವಾರ ಹದಿಮೂರು ಘಟಿಗೆ, ಅಂದರೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ, ದಿವ್ಯವಾದ ಮುಹೂರ್ತ.” ಹೀಗೆಂದು ಆ ಪತ್ರಿಕೆಗೆ ಅರಿಸಿನ ಕುಂಕುಮ ಹಚ್ಚಲು ವ್ಯಾಸಪೀಠದ ಕೆಳಗಿದ್ದ ಭರಣಿಯ ಕಡೆಗೆ ಸರಿಸಿದರು.

ಆಗ ಕೋಣೆಯಲ್ಲಿ ಗೆಜ್ಜೆಯ ಸದ್ದಾಯಿತು.

“ಉತ್ತರ ತಪ್ಪಾಗಿದೆ” ಎಂದಿತು ಒಂದು ನಿಷ್ಕಪಟವಾದ ಧ್ವನಿ. “ಸರಿಯಾದ ಉತ್ತರ ಎಪ್ಪತ್ತಮೂರು. ಚಿಂತೆ ಬೇಡ, ಮತ್ತೊಮ್ಮೆ ಪ್ರಯತ್ನಿಸಿ!”

ಹಾಲಮ್ಮನವರ ಕೈಯಲ್ಲಿದ್ದ ಕಾಫಿಯ ಲೋಟ ಅಲ್ಲಿಯೇ ನಿಂತಿತು. ಮಲ್ಲೇಶ್ ಸೂರಿನ ಕಡೆಗೆ ನೋಡಿದರು. ಕಾಶಮ್ಮನವರು ಕೆನ್ನೆ ಕೆನ್ನೆ ಬಡಿದುಕೊಂಡರು.

“ಯಾರ್ರೀ ಅದು?” ಎಂದರು ಜಯಪ್ಪ.

ಇಲ್ಲಿ ಜೋಯಿಸರ ಮುಂದೆ ಮೂರು ದಾರಿಗಳಿದ್ದವು. ‘ಅದು ನನ್ನ ಫೋನು, ದಿನಕ್ಕೆ ಅರವತ್ತೇ ಘಟಿ ಎಂಬುದು ಅದಕ್ಕೆ ತಿಳಿಯದು’ ಎಂದು ಹೇಳಬಹುದಿತ್ತು. ಆದರೆ ಹಾಗೆಂದರೆ ಕಾಶಮ್ಮನವರ ಎದುರಿಗೇ ತಿಂಗಳ ಕಾಲದ ದೃಷ್ಟಿ ಬಯಲಾಗುತ್ತದೆ. ಆ ಧ್ವನಿ ತಪ್ಪೆಂದರೆ ಸ್ಫೂರ್ತಿಗೆ ಹೇಳಿದ್ದೆಲ್ಲ ಸಂಶಯಕ್ಕೆ ಬೀಳುತ್ತದೆ. ಸರಿಯೆಂದರೆ ಮುಹೂರ್ತ ಬೀಳುತ್ತದೆ. ಜೋಯಿಸರು ಬಾಯಿ ತೆರೆದರು. ಅದರಿಂದ ಅವರೂ ನಿರೀಕ್ಷಿಸದ ಮಾತೊಂದು ಹೊರಬಂದಿತು:

“ಅದು... ಒಂದು ವಾಣಿ.”

“ವಾಣೀನೋ ರಾಣೀನೋ, ಲೆಕ್ಕ ಸರಿಯಾಗೇ ಹೇಳ್ತಲ್ಲ!” ಜಯಪ್ಪ ಬೆರಳು ಮಡಚಿ ಎಣಿಸತೊಡಗಿದರು. “ನಲವತ್ತೆರಡು, ಮೂವತ್ತೊಂದು... ಎಪ್ಪತ್ಮೂರೇ ಆಗೋದು. ಒಂದನೇ ಕ್ಲಾಸಿನ್ ಮಗೂಗೂ ಗೊತ್ತು. ಹದಿಮೂರು ಎಲ್ಲಿಂದ ತಂದ್ರಿ ಸಾರ್?”

“ಕೂಡಿದಾಗ ಕಡಿಮೆ ಆಗೋ ಲೆಕ್ಕ ನಮ್ ಅಂಗಡೀಲೂ ಇಲ್ಲ ಬಿಡಿ” ಎಂದರು ಮಲ್ಲೇಶ್, ಬಹಳ ಮೆಲ್ಲಗೆ.

“ಒಂದು ಘಟಿ ಅಂದ್ರೆ ಇಪ್ಪತ್ನಾಲ್ಕ್ ನಿಮಿಷ ಅಲ್ವಾ? ಎಪ್ಪತ್ಮೂರ್ ಘಟಿ ಅಂದ್ರೆ...” ಜಯಪ್ಪ ಜೇಬಿನ ಪೆನ್ನು ತೆಗೆದು ಅಂಗೈಯ ಮೇಲೆ ಗುಣಿಸಿದರು. “ಇಪ್ಪತ್ತೊಂಬತ್ತು ಗಂಟೆ ಹನ್ನೆರಡು ನಿಮಿಷ! ಗುರುವಾರದ್ ಸೂರ್ಯೋದಯದಿಂದ ಅಷ್ಟು ಅಂದ್ರೆ ಶುಕ್ರವಾರ ಆಯ್ತು! ಶುಕ್ರವಾರ ಛತ್ರ ಬೇರೆಯವ್ರದ್ದು. ಅಂದ್ರೆ ನಾವು ತಪ್ಪು ದಿನ ತಾಳಿ ಕಟ್ಟಿಸ್ತಿದ್ವಿ!”

“ನಾನು... ಸ್ವಲ್ಪ ನೋಡಿ ಹೇಳ್ತೀನಿ” ಎಂದರು ಜೋಯಿಸರು. ಮುಹೂರ್ತ ಇಡುವವರ ಬಾಯಿಂದ ಬರಬಾರದ ಮಾತೊಂದಿದ್ದರೆ ಅದು ಇದೇ.

ಜಯಪ್ಪ ಎದ್ದು ನಿಂತರು. “ಮುಹೂರ್ತ ಬರೆಯೋ ಹೊತ್ತಲ್ಲಿ ಆಕಾಶದಿಂದ ತಪ್ಪು ಅಂತ ಬಂತು. ಇದಕ್ಕಿಂತ ಅಪಶಕುನ ಬೇಕಾ? ಭಾನುವಾರದೊಳಗೆ ಇತ್ಯರ್ಥ ಆಗ್ಬೇಕು. ಇಲ್ದಿದ್ರೆ ಈ ಸಂಬಂಧ ಇಲ್ಲಿಗೇ ಬಿಟ್ವಿ. ಏಳೇ ಹಾಲಮ್ಮ.”

ತಾಂಬೂಲ ತಟ್ಟೆಯಲ್ಲಿಯೇ ಉಳಿಯಿತು. ಆ ಸಂಜೆ ಕೆಲಸದಿಂದ ಬಂದ ಪುನೀತನಿಗೆ, ಅಪರೂಪಕ್ಕೆ, ನಿದ್ರೆ ಬರಲಿಲ್ಲ.

ಸುದ್ದಿಯು ಶಿವಮೊಗ್ಗದಲ್ಲಿ ಹರಡಿದ ಬಗೆಯನ್ನು ವಿವರಿಸಲು ಈ ಲೇಖನಿಗೆ ಶಕ್ತಿ ಸಾಲದು. ಜೋಯಿಸರ ಮನೆಯಲ್ಲಿ ಆಕಾಶವಾಣಿಯಾಯಿತು, ಮುಹೂರ್ತ ತಪ್ಪೆಂದು ದೇವಿಯೇ ನುಡಿದಳು ಎಂಬಲ್ಲಿಗೆ ಅದು ಬೆಳೆದು ನಿಂತಿತು. ಗುರುವಾರ ಬೆಳಿಗ್ಗೆ ಎರಡನೆಯ ಅಡ್ಡರಸ್ತೆಯ ಸುಭದ್ರಮ್ಮನವರು ಜಗಲಿಯಲ್ಲಿ ಬಂದು ಕುಳಿತರು.

“ಆರು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ನೀವೇ ಅಲ್ವಾ ಮುಹೂರ್ತ ಇಟ್ಟಿದ್ದು? ಅದಕ್ಕೇ ಅಡುಗೆಮನೆ ಸೋರ್ತಾ ಇದೆ. ನಾನು ಪಾಪದ ಗಾರೆಯವನನ್ನು ಬೈದು ಬೈದು ಕಳಿಸ್ದೆ. ಈಗ ಅವನ ಹತ್ರ ಯಾವ ಮುಖ ಇಟ್ಕೊಂಡು ಹೋಗ್ಲಿ?”

ಅವರು ಎದ್ದುಹೋಗುವ ಮೊದಲೇ ಸರ್ಕಾರಿ ಕಚೇರಿಯೊಂದರ ದ್ವಿತೀಯ ದರ್ಜೆ ಸಹಾಯಕರಾದ ಕೊಟ್ರಬಸಪ್ಪನವರು ಕಚೇರಿಯ ವೇಳೆಯಲ್ಲಿಯೇ ಆಗಮಿಸಿದರು.

“ಹನ್ನೊಂದು ವರ್ಷದ ಹಿಂದೆ ಡ್ಯೂಟಿಗೆ ಸೇರಿದ್ದು ನಿಮ್ಮ ಘಟಿ ಪ್ರಕಾರ. ಇವತ್ತಿನವರೆಗೂ ಪ್ರಮೋಷನ್ ಇಲ್ಲ. ಒಂದು ಕೆಲಸ ಮಾಡಿ ಜೋಯಿಸರೇ: ಘಟಿ ಲೆಕ್ಕ ತಪ್ಪಾಗಿತ್ತು ಅಂತ ಒಂದು ಹಾಳೇಲಿ ಬರೆದು ಸಹಿ ಹಾಕಿ ಕೊಡಿ. ಮೇಲ್ಮನವಿ ಜೊತೆ ಲಗತ್ತಿಸ್ತೀನಿ.”

“ಅದರಿಂದ ಪ್ರಮೋಷನ್ ಸಿಗುತ್ತಾ?” ಎಂದರು ಜೋಯಿಸರು ಭಯದಿಂದ.

“ಸಿಗದಿದ್ರೆ ಇಲ್ಲ. ಫೈಲಲ್ಲಿ ಒಂದು ಕಾರಣ ಅಂತ ಇರ್ಬೇಕಲ್ಲ ಮಾರಾಯ್ರೆ.”

ಶನಿವಾರದ ಹೊತ್ತಿಗೆ ರವೀಂದ್ರನಗರದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದ ಪ್ರತಿಯೊಂದು ಕೆಡುಕಿಗೂ, ಜಗಳಗಂಟಿ ಸೊಸೆಗೂ, ಕೆಟ್ಟುನಿಂತ ಬೋರ್‌ವೆಲ್ಲಿಗೂ ಒಬ್ಬನೇ ಕಾರಣಪುರುಷ ಸಿಕ್ಕಿದ್ದನು. ಒಳ್ಳೆಯದಾದವರು ಯಾರೂ ಹೇಳಿಕೊಳ್ಳಲು ಬರಲಿಲ್ಲ.

ಅಂದು ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಒರಗಿದ ಜೋಯಿಸರಿಗೆ ಒಂದು ಕನಸು ಬಿತ್ತು. ತುಂಗೆಯ ಮರಳಿನ ಮೇಲೆ ಅರವತ್ತು ಮಂದಿ ಘಟಿಕನ್ಯೆಯರು ಕೈ ಕೈ ಹಿಡಿದು ದುಂಡಗೆ ನಿಂತು ಕೋಲಾಟವಾಡುತ್ತಿದ್ದರು. ಬಳೆಗಳ ಸದ್ದು ನೀರಿನ ಮೇಲೆ ತೇಲುತ್ತಿತ್ತು. ಒಂದು ಸುತ್ತು ಮುಗಿದೊಡನೆ ಪೂರ್ವದಲ್ಲಿ ಹೊಸ ಸೂರ್ಯನೊಬ್ಬ ಏಳುತ್ತಿದ್ದ; ಮೊದಲ ಹುಡುಗಿ ನಕ್ಕು ಮತ್ತೆ ಹೆಜ್ಜೆ ಇಡುತ್ತಿದ್ದಳು. ದೂರದಲ್ಲಿ ಅಶರೀರೆ ಒಬ್ಬಳೇ ನಿಂತಿದ್ದಳು. ಅವಳು ಎಣಿಸುತ್ತಿದ್ದಳು: ಅರವತ್ತೊಂದು, ಅರವತ್ತೆರಡು, ಅರವತ್ತಮೂರು... ಹೊಳೆ ದಾಟಿ, ಬೆಟ್ಟ ದಾಟಿ, ನೆಟ್ಟಗೆ ಎಣಿಸುತ್ತ ಹೊರಟೇ ಹೋದಳು. “ಅಮ್ಮಾ, ತಿರುಗಿ ನೋಡು, ಬೆಳಗಾಯಿತು” ಎಂದು ಜೋಯಿಸರು ಕೂಗಿದರು. “ಬೆಳಗು ಅಂದರೆ ಎಷ್ಟು?” ಎಂದು ಅವಳು ಕೇಳಿದಳು. ಅದರಲ್ಲಿ ಕುಚೋದ್ಯವಿರಲಿಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಎಚ್ಚರವಾದಾಗ ಎದುರಿಗೆ ಸೀತಮ್ಮನವರು ನಿಂತಿದ್ದರು.

“ನಾಳೆ ಭಾನುವಾರ. ಆ ಹುಡುಗನ ಮುಖ ನೋಡಿದ್ರಾ? ನಿಮ್ಮ ದೊಡ್ಡಸ್ತಿಕೆಗೆ ಒಂದು ಮದುವೆ ಮುರೀಬೇಕಾ?”

“ಬೆಳಗಾಗೋದು ಅವಳಿಗೆ ಗೊತ್ತಿಲ್ಲ ಕಣೇ, ಸೀತಾ” ಎಂದರು ಜೋಯಿಸರು.

“ನಿಮಗೆ ಗೊತ್ತಿದೆಯಲ್ಲ, ಸಾಕು. ಬೆಳಿಗ್ಗೆ ಏಳೂವರೆ ಬಸ್ಸು.”

ಭಾನುವಾರ ಜೋಯಿಸರು, ಸೀತಮ್ಮನವರು, ಕಾಶಮ್ಮನವರು, ಮಲ್ಲೇಶ್ ಮತ್ತು ಬರುತ್ತೇನೆಂದು ಹಟ ಹಿಡಿದ ಸ್ಫೂರ್ತಿ ಭದ್ರಾವತಿಯ ಬಸ್ಸು ಹತ್ತಿದರು. ವ್ಯಾಸಪೀಠ ರೇಷ್ಮೆ ಶಾಲಿನಲ್ಲಿ ಸುತ್ತಿ ಜೋಯಿಸರ ತೊಡೆಯ ಮೇಲಿತ್ತು. ಮಾಚೇನಹಳ್ಳಿಯಲ್ಲಿ ಪುನೀತ್ ರಜೆಯ ದಿನದ ಓವರ್‌ಟೈಮನ್ನು ಅರ್ಧಕ್ಕೆ ಬಿಟ್ಟು, ಎಣ್ಣೆಯ ಅಂಗಿಯಲ್ಲಿಯೇ ಹತ್ತಿಕೊಂಡ.

“ಜೋಯಿಸ್ರೇ, ಹದಿಮೂರಾದ್ರೂ ಮಾಡಿ, ಎಪ್ಪತ್ಮೂರಾದ್ರೂ ಮಾಡಿ. ನಂಗೆ ಕವನಾ ಸಿಕ್ಕಿದ್ರೆ ಸಾಕು” ಎಂದು ಅವನು ಕಂಬಿ ಹಿಡಿದು ನಿಂತ. ಆ ಮಾತಿಗೆ ಬಸ್ಸಿನ ಮುಂದಿನ ಆರು ಸೀಟಿನವರು ತಿರುಗಿ ನೋಡಿದರು.

ಕಾರ್ಖಾನೆಯ ಕಡೆಯ ಹಳೆಯ ಚಿಮಣಿಯೊಂದು ಹೊಗೆ ಬಿಡುವುದನ್ನು ಮರೆತು ಆಕಾಶವನ್ನೇ ನೋಡುತ್ತ ನಿಂತಿತ್ತು. ಜೋಯಿಸರಿಗೆ ಅದರ ಮೇಲೆ ಒಂದು ಬಂಧುಭಾವ ಹುಟ್ಟಿತು. ಆ ಭಾವದಲ್ಲಿ ಅವರು ಒಂದು ಬೀದಿ ಮುಂದೆ ಹೋಗಿದ್ದರು. ಸೀತಮ್ಮನವರು ಶಾಲಿನ ಅಂಚು ಹಿಡಿದು ಹಿಂದಕ್ಕೆ ತಂದರು.

ಜಯಪ್ಪನವರ ನಡುಮನೆಯಲ್ಲಿ ಎಲ್ಲರೂ ಕುಳಿತರು. ಕವನಾ ಬಾಗಿಲ ಬಳಿ ನಿಂತಿದ್ದಳು. ಹಾಲಮ್ಮನವರು ಒಳಗೆ ಅವರೆಕಾಳು ಸುಲಿಯುತ್ತಿದ್ದರು. ಜಯಪ್ಪ ಕನ್ನಡಕ ಏರಿಸಿ, “ಹೇಳಿ ಸಾರ್. ಪಾಸೋ, ರಿಜೆಕ್ಟೋ?” ಎಂದರು.

ಜೋಯಿಸರು ಶಾಲು ಬಿಚ್ಚಿದರು. ವ್ಯಾಸಪೀಠವನ್ನು ತೆರೆದಿಟ್ಟರು. ಪಂಚಾಂಗವನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ಫೋನನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ತಂದು ನಿಲ್ಲಿಸಿದರು.

“ಆವತ್ತು ಮಾತಾಡಿದ್ದು ಇದು. ಆಕಾಶ ಅಲ್ಲ.”

ಕಾಶಮ್ಮನವರು ಫೋನಿನ ಮೇಲೆ ಬಗ್ಗಿ ನೋಡಿದರು.

“ಹಾಗಾದ್ರೆ...” ಎಂದರು. “ಜೋಯಿಸ್ರೇ, ನಿಮ್ ದೃಷ್ಟಿ?”

“ಕ್ಯಾಮೆರಾದ್ದು, ಕಾಶಮ್ಮ.”

“ಅಯ್ಯೋ ನನ್ ಶಿವನೇ! ಹಾಲಿನ್ ಬೂತಲ್ಲಿ ನಾನು ಏನ್ ಹೇಳ್ಲಿ?”

“ನಂಗೆ ಮೊದಲನೇ ದಿನಾನೇ ಗೊತ್ತಿತ್ತಜ್ಜಿ” ಎಂದಳು ಸ್ಫೂರ್ತಿ. “ನಮ್ ಕ್ಲಾಸಲ್ಲಿ ಎಲ್ರ ಹತ್ರಾನೂ ಇದೇ ಆ್ಯಪ್ ಇದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?” ಎಂದರು ಜೋಯಿಸರು ಸಣ್ಣ ದನಿಯಲ್ಲಿ.

“ಫೋನ್ ಬರೀ ತಪ್ಪು ಅಂತದೆ. ನೀವು ತಪ್ಪು ಅಂದ್ಮೇಲೆ ನಾನು ಸರಿ ಮಾಡೋವರ್ಗೂ ಕಣ್ ಮುಚ್ಕೊಂಡು ಕಾಯ್ತಿದ್ರಿ. ಬೇರೆ ಯಾರೂ ಅಷ್ಟೊತ್ತು ಕಾಯಲ್ಲ, ಅಜ್ಜ. ಆಮೇಲೆ... ಕೋಡುಬಳೆ.”

ಜಯಪ್ಪನವರು ಮಾತ್ರ ಕರಗಲಿಲ್ಲ. “ಫೋನೇ ಆಗ್ಲಿ. ಅದು ಹೇಳಿದ್ ಲೆಕ್ಕ ಸರಿನೇ ಅಲ್ವಾ? ಎಪ್ಪತ್ಮೂರು ಹ್ಯಾಗೆ ಹದಿಮೂರು ಆಗ್ತದೆ? ನಾನ್ ತಪಾಸಣೆ ಮಾಡ್ದೆ ಪಾಸ್ ಹಾಕೋನಲ್ಲ.”

ಈಗ ಬಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಜೋಯಿಸರ ನಾಲಗೆ ಸಡಿಲವಾಯಿತು. ಅಹೋರಾತ್ರದ ಲಕ್ಷಣ, ಕಾಲಚಕ್ರದ ಸ್ವರೂಪ, ಷಷ್ಟಿಘಟಿಕಾತ್ಮಕವಾದ ದಿನಮಾನ, ಅದು ತುಂಬಿದೊಡನೆ ಶೇಷವನ್ನು ಮಾತ್ರ ಗ್ರಹಿಸಬೇಕೆಂಬ ನಿಯಮ, ಎಲ್ಲವನ್ನೂ ಗಂಭೀರವಾದ ಗದ್ಯದಲ್ಲಿ ಅರ್ಧ ಗಂಟೆ ನಿರೂಪಿಸಿದರು. ಮಲ್ಲೇಶ್ ಎರಡು ಸಲ ಆಕಳಿಸಿದರು.

“ಅಂದ್ರೆ ಅರವತ್ತಾದ್ಮೇಲೆ ಮತ್ತೆ ಒಂದ್ರಿಂದ?” ಜಯಪ್ಪ ತಲೆಯಾಡಿಸಿದರು. “ಲೆಕ್ಕ ಎಲ್ಲಾದ್ರೂ ಹಾಗೆ ಹಿಂದಕ್ ಬರ್ತದಾ? ಒಪ್ಪಲ್ಲ ಸಾರ್. ರಿಜೆಕ್ಟ್.”

ಪುನೀತ್ ಕವನಾಳ ಕಡೆಗೆ ನೋಡಿದ. ಕವನಾ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಹಾಲಮ್ಮನವರ ಧ್ವನಿ ಬಂದಿತು. ಅವರು ಬಂದ ನೆಂಟರ ಮುಂದೆ ಅದುವರೆಗೆ ಒಂದು ಮಾತನ್ನೂ ಆಡಿರಲಿಲ್ಲ.

“ರೀ, ನೈಟ್ ಶಿಫ್ಟಿಗೆ ಎಷ್ಟೊತ್ತಿಗೆ ಹೋಗ್ತಿದ್ರಿ?”

“ಹತ್ತಕ್ಕೆ. ಯಾಕೆ?”

“ಎಷ್ಟ್ ಗಂಟೆ ಕೆಲಸ?”

“ಎಂಟು.”

“ಬರ್ತಿದ್ದಿದ್ದು?”

“ಬೆಳಿಗ್ಗೆ ಆರಕ್ಕೆ. ಮೂವತ್ ವರ್ಷ, ಒಂದ್ ನಿಮಿಷ ಆಚೀಚೆ ಇಲ್ಲ. ನಿಂಗೇ ಗೊತ್ತಲ್ಲ!”

“ಹತ್ತು, ಎಂಟು ಸೇರಿದ್ರೆ ಹದಿನೆಂಟಾಗ್ಬೇಕು. ಆರಕ್ಕೆ ಹ್ಯಾಗ್ ಬರ್ತಿದ್ರಿ?”

ಕವನಾ ಬಾಗಿಲ ಬಳಿಯಿಂದ ಬಂದು, ಒಂದು ಹಾಳೆಯ ಮೇಲೆ ‘ಹತ್ತು ಕೂಡಿಸು ಎಂಟು, ಸಮ ಆರು’ ಎಂದು ಅಂಕಿಗಳಲ್ಲಿ ಬರೆದು ಅಶರೀರೆಯ ಮುಂದೆ ಹಿಡಿದಳು. ಗೆಜ್ಜೆ ಉಲಿಯಿತು.

“ಉತ್ತರ ತಪ್ಪಾಗಿದೆ. ಸರಿಯಾದ ಉತ್ತರ ಹದಿನೆಂಟು. ಚಿಂತೆ ಬೇಡ, ಮತ್ತೊಮ್ಮೆ ಪ್ರಯತ್ನಿಸಿ!”

“ಯಾರಿಗ್ ಹೇಳ್ತಾ ಇದೆ ಅದು?” ಜಯಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ನಾನ್ ಆರಕ್ಕೇ ಬಂದಿದೀನಿ! ಗೇಟಿನ್ ರಿಜಿಸ್ಟರ್‌ನಲ್ಲಿದೆ! ಈ ಫೋನಿಗೆ ಏನ್ ಗೊತ್ತು? ಮೂವತ್ ವರ್ಷದ್ ಸರ್ವೀಸನ್ನೇ ತಪ್ಪು ಅಂತದಲ್ಲ ಇದು!”

“ಅಪ್ಪಾ, ಅದರ ತಪ್ಪೂ ಇಲ್ಲ” ಎಂದಳು ಕವನಾ ನಗುತ್ತ. “ಬುಧವಾರ ಬೆಳಗಿಂದ ಎಣಿಸಿದ್ರೆ ಎಪ್ಪತ್ಮೂರೇ. ಗುರುವಾರ ಬೆಳಗಿಂದ ಎಣಿಸಿದ್ರೆ ಹದಿಮೂರು. ಗಳಿಗೆ ಒಂದೇ. ನೀವು ಎಪ್ಪತ್ಮೂರನ್ನೂ ಗುರುವಾರದಿಂದ ಎಣಿಸಿದ್ರಿ, ಅದಕ್ಕೆ ಶುಕ್ರವಾರ ಬಂತು. ಮಧ್ಯೆ ಒಂದು ಸೂರ್ಯೋದಯ ಆಯ್ತು ಅನ್ನೋದು ಫೋನಿಗೆ ಯಾರೂ ಹೇಳಿರ್ಲಿಲ್ಲ, ಅಷ್ಟೆ.”

ಜಯಪ್ಪ ಅಂಗೈಯ ಮೇಲೆ ಮತ್ತೆ ಗುಣಿಸಿದರು. ಬುಧವಾರದ ಸೂರ್ಯೋದಯದ ಆರು ಗಂಟೆ ಐದು ನಿಮಿಷಕ್ಕೆ ಇಪ್ಪತ್ತೊಂಬತ್ತು ಗಂಟೆ ಹನ್ನೆರಡು ನಿಮಿಷ. ಗುರುವಾರ ಹನ್ನೊಂದು ಹದಿನೇಳು. ಇನ್ನೊಂದು ಅಂಗೈಯ ಮೇಲೆ ಗುರುವಾರದ ಬೆಳಗಿಗೆ ಐದು ಗಂಟೆ ಹನ್ನೆರಡು ನಿಮಿಷ ಸೇರಿಸಿದರು. ಹನ್ನೊಂದು ಹದಿನೇಳು. ಎರಡು ಅಂಗೈಗಳನ್ನೂ ಜೋಡಿಸಿ ನೋಡಿದರು. ಹಾಗೆ ಜೋಡಿಸಿದ ಕೈಗಳನ್ನು ಜೋಯಿಸರ ಕಡೆಗೆ ತಿರುಗಿಸಿದರು.

“ಪಾಸು, ಸಾರ್.”

ಕಾಶಮ್ಮನವರು ಸೋಮವಾರ ಹಾಲಿನ ಬೂತಿನಲ್ಲಿ ಏನು ಹೇಳಿದರೆಂಬುದು ತಿಳಿಯದು. ಆದರೆ ಅಂದು ಸಂಜೆಯಿಂದ ವ್ಯಾಸಪೀಠದ ಮೇಲೆ ಪಂಚಾಂಗ ಮತ್ತು ಫೋನು ಅಕ್ಕಪಕ್ಕದಲ್ಲಿ, ಬಹಿರಂಗವಾಗಿ ಕುಳಿತವು. ಅವುಗಳ ಮುಂದೆ ಸ್ಫೂರ್ತಿಯ ಜೊತೆಗೆ ಇನ್ನೂ ನಾಲ್ಕು ಮಕ್ಕಳು ಕುಳಿತರು. ಅಶರೀರೆ ತಪ್ಪೆನ್ನುವಳು, ಜೋಯಿಸರು ಕಾಯುವರು. ಸುಭದ್ರಮ್ಮನವರ ಗಾರೆಯವನು ಮಾತ್ರ ಮತ್ತೆ ಬೈಸಿಕೊಂಡ.

ವೈಶಾಖದ ಆ ಗುರುವಾರ ಭದ್ರಾವತಿಯ ಛತ್ರದಲ್ಲಿ ಸಾವಿರ ಜನ ಸೇರಿದ್ದರು. ಮಂಟಪದ ಪಕ್ಕದಲ್ಲಿ ಜೋಯಿಸರು ಕೈಯಲ್ಲಿ ಅಕ್ಷತೆ ಹಿಡಿದು ಕುಳಿತಿದ್ದರು. ಎದುರಿಗೆ ವ್ಯಾಸಪೀಠ, ಅದರ ಮೇಲೆ ಅಶರೀರೆ. ಅವಳಿಗೂ ಆಹ್ವಾನ ಬೇಕೆಂದು ಸ್ಫೂರ್ತಿ ಹಟ ಮಾಡಿದ್ದಳು. ಸ್ವಾಮಿಗಳು ಮಾಂಗಲ್ಯವನ್ನೆತ್ತಿ ಪುನೀತನ ಕೈಗಿತ್ತರು. ವಾಲಗದವರು ಸನ್ನೆಗಾಗಿ ಕಾದರು. ಜಯಪ್ಪ ಗಡಿಯಾರದ ಮುಳ್ಳಿನ ಮೇಲೆ ಬಗ್ಗಿದ್ದರು. ಸರಿಯಾಗಿ ಹನ್ನೊಂದು ಹದಿನೇಳಕ್ಕೆ ಸ್ಫೂರ್ತಿ ಲಗ್ನಪತ್ರಿಕೆಯ ಬೆನ್ನ ಮೇಲೆ ತಾನೇ ಬರೆದ ಒಂದು ಸಾಲನ್ನು ಕ್ಯಾಮೆರಾದ ಮುಂದೆ ಹಿಡಿದಳು: 42 + 31 = 60 + 13.

“ಉತ್ತರ ಸರಿಯಾಗಿದೆ. ಶಭಾಷ್!”

ಅದನ್ನೇ ಸನ್ನೆಯೆಂದು ತಿಳಿದು ವಾಲಗದವರು ಗಟ್ಟಿಮೇಳ ಬಾರಿಸಿದರು. ಸಾವಿರ ಕೈಗಳಿಂದ ಅಕ್ಷತೆ ಮೇಲಕ್ಕೆದ್ದು, ಒಂದು ಗಳಿಗೆ ಗಾಳಿಯಲ್ಲಿ ಬಂಗಾರದ ಮಂಜಿನಂತೆ ನಿಂತು, ವಧೂವರರ ಮೇಲೆ ಇಳಿಯಿತು. ಜೋಯಿಸರ ಅಕ್ಷತೆ ಮಾತ್ರ ಹೋಗಲಿಲ್ಲ. ಅವರ ಮನಸ್ಸು ಸೂರ್ಯನ ರಥದಲ್ಲಿ ಕುಳಿತು, ನೆಟ್ಟಗೆ ಎಣಿಸುತ್ತ ಹೋಗಿದ್ದ ಒಬ್ಬಳನ್ನು ತಿರುಗಿ ಕರೆತರುತ್ತಿತ್ತು. ಕಾಳುಗಳು ಬೆರಳ ಸಂದಿಯಿಂದ ಒಂದೊಂದಾಗಿ ಸೋರಿ ಫೋನಿನ ಕಣ್ಣಿನ ಮೇಲೆ ಬಿದ್ದವು.

“ಲೆಕ್ಕ ಸ್ಪಷ್ಟವಾಗಿ ಕಾಣುತ್ತಿಲ್ಲ” ಎಂದಳು ಅಶರೀರೆ. “ಚಿಂತೆ ಬೇಡ, ಮತ್ತೊಮ್ಮೆ ಪ್ರಯತ್ನಿಸಿ!”

“ಮದುವೇಲಿ ಮತ್ತೊಮ್ಮೆ ಎಲ್ಲ ಇಲ್ಲ ಮಾರಾಯ್ತಿ” ಎಂದು ಸೀತಮ್ಮನವರು ಒಂದು ಕೈಯಲ್ಲಿ ಅವಳ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ಗಂಡನ ಮುಂಗೈ ಹಿಡಿದು, ಉಳಿದ ನಾಲ್ಕು ಕಾಳನ್ನು ತಾವೇ ಹಾಕಿಸಿದರು.